ಉದುರುಕಾಯಿ ಕವರಿನ ಮುಖ

ಮಾಲೂರು
9 ಫೆಬ್ರವರಿ 2025, ಭಾನುವಾರ

ದೊಡ್ಡಪ್ಪಾ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನು ಮಾಡಿದರೆ ನಿನಗೆ ಕೇಳಿಸುವುದಿಲ್ಲ, ಕೇಳಿಸದಿದ್ದರೂ "ಹೂಂ, ಹೂಂ" ಅನ್ನುತ್ತೀಯ. ಮೆಸೇಜು ಹಾಕಿದರೆ ನಿನ್ನ ಮಗ ವೆಂಕಟಣ್ಣ ಮೊದಲು ಓದುತ್ತಾನೆ, ಸಾಯಂಕಾಲದೊಳಗೆ ಅರ್ಧ ಯಲ್ದೂರಿಗೆ ಸುದ್ದಿ. ಅದಕ್ಕೇ ಕಾಗದ.

ನಾನು ರ‍್ಯಾಪ್ ಮಾಡುತ್ತೇನೆ ಅಂತ ಅಮ್ಮ ನಿನ್ನ ಮುಂದೆ ಅತ್ತಿರಬೇಕು. ಅಳುವಂಥದ್ದು ಏನೂ ಇಲ್ಲ. ಮಾತನ್ನೇ ತಾಳಕ್ಕೆ ಕೂರಿಸಿ ಹೊಟ್ಟೆಯಲ್ಲಿರುವುದನ್ನು ಹೊರಗೆ ಹಾಕುವುದು, ಅಷ್ಟೇ. ಇಲ್ಲಿ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ಬಾಯಿ ಮುಚ್ಚಿಕೊಂಡು ವೈರು ಜೋಡಿಸುತ್ತೇನಲ್ಲ, ತಲೆಯೊಳಗೆ ಹಾಡು ಕಟ್ಟುತ್ತಿರುತ್ತೇನೆ. ಈಗ ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿಯವರು ನನ್ನ ಆರು ಹಾಡು ರೆಕಾರ್ಡ್ ಮಾಡಿದ್ದಾರೆ. ಆರೂ ಸೇರಿ ಒಂದು ಆಲ್ಬಮ್. ಹೆಸರು 'ಉದುರುಕಾಯಿ'.

ಗಾಳಿ ಬೀಸಿದ ಮಾರನೇ ದಿನ ನಾನೂ ಅಮ್ಮನೂ ಮಾವಿನ ತೋಪಿನಲ್ಲಿ ಬಿದ್ದ ಕಾಯಿ ಆಯುತ್ತಿದ್ದದ್ದು ನಿನಗೆ ಗೊತ್ತು. ಸ್ಕೂಲಿನಲ್ಲಿ ನನಗೆ ಅದೇ ಹೆಸರು, "ಏಯ್ ಉದುರುಕಾಯಿ" ಅಂತ. ಹಾಗೆ ಕರೆದವರೆಲ್ಲ ಈಗ ಆ ಹೆಸರನ್ನು ಫೋನಿನಲ್ಲಿ ಹುಡುಕಿ ಒತ್ತಬೇಕು. ಆಗ ನನಗೆ ಸಮಾಧಾನ.

ಆಲ್ಬಮ್ಮಿಗೆ ಕವರ್ ಬೇಕು. ಫೋನಿನಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತದೆ, ಪೋಸ್ಟರಿನಲ್ಲಿ ಆಳೆತ್ತರ. ಹಾಡು ಕೇಳುವ ಮೊದಲೇ ಜನ ಅದನ್ನು ನೋಡುತ್ತಾರೆ. ಅದು ಬೋರ್ಡು ಬರೆಯುವ ನಿನ್ನ ಕೈಯಿಂದಲೇ ಆಗಬೇಕು. ನನ್ನ ಮುಖ ದೊಡ್ಡದಾಗಿ, ತಲೆಯ ಮೇಲೆ ಕಾಯಿ ತುಂಬಿದ ಬುಟ್ಟಿ, ಕೆಳಗೆ ಯಲ್ದೂರು ಅಂತ ಊರಿನ ಹೆಸರು. ಒಂದೇ ಒಂದು ಕಂಡೀಷನ್ನು ದೊಡ್ಡಪ್ಪ, ನಾನು ಹೇಗಿದ್ದೇನೋ ಹಾಗೇ ಇರಬೇಕು. ನನ್ನ ಬಣ್ಣ ನನ್ನದೇ ಆಗಿರಬೇಕು. ಪಿಯುಸಿಯಲ್ಲಿ ಫೋಟೋ ಸ್ಟುಡಿಯೋದವನು ನನ್ನನ್ನು ಸುಣ್ಣ ಬಳಿದ ಗೋಡೆ ಮಾಡಿ ಕೊಟ್ಟಿದ್ದ. ಅವನೆದುರಿಗೇ ಹರಿದು ಹಾಕಿ ಬಂದಿದ್ದೆ.

ಕವರ್ ನನ್ನಿಷ್ಟ ಅಂತ ಕಂಪನಿಯವರು ಹೇಳಿದ್ದಾರೆ. ಮಾಡಿಕೊಡುತ್ತೀಯಾ?

ನಿನ್ನ ತಮ್ಮನ ಮಗಳು,
ಗಂಗಾಲಕ್ಷ್ಮಿ


ಯಲ್ದೂರು
16 ಫೆಬ್ರವರಿ 2025

ಚಿ. ಗಂಗೂಗೆ,

ಕಾಗದ ಬಂತು. ಪೋಸ್ಟ್‌ಮ್ಯಾನ್ ಎರಡು ಸಲ ತಿರುಗಿಸಿ ನೋಡಿ ಕೊಟ್ಟ. ಬ್ಯಾಂಕಿನದಲ್ಲದ ಕಾಗದ ಅವನು ಕಂಡು ಎಷ್ಟೋ ವರ್ಷವಾಗಿತ್ತಂತೆ.

ನಿಮ್ಮಮ್ಮ ಭಾರತಮ್ಮ ಅತ್ತದ್ದು ನಿಜ. "ಹುಡುಗಿ ಸ್ಟೇಜ್ ಮೇಲೆ ನಿಂತ್ಕೊಂಡು ಗಂಡಸ್ರ ತರ ಕೈ ಬೀಸ್ತಾಳಂತೆ ಭಾವಾ" ಅಂತ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು. ನಾನು "ಬೀಸ್ಲಿ ಬಿಡಮ್ಮ, ಕೈ ಇರೋದ್ಯಾಕೆ" ಅಂದೆ. ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವಾಗ ಅವಳ ಬಾಯಿ ನೀನು ಕೇಳಿಲ್ಲವೇನು? ಮಗಳಿಗೆ ಬಂದದ್ದು ಎಲ್ಲಿಂದ ಅಂತ ಅವಳಿಗೇ ಗೊತ್ತಿಲ್ಲ.

ನಿನ್ನ ಹಾಡು ನನಗೆ ಕೇಳಿಸುವುದಿಲ್ಲ. ಜಲ್ಲಿ ಕ್ರಷರ್ ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಲಾರಿಗೆ ಬಣ್ಣ ಬಳಿದೆ, ಕಿವಿ ಅಲ್ಲೇ ಬಿಟ್ಟು ಬಂದೆ. ಆದ್ದರಿಂದ ಹಾಡನ್ನು ಅಕ್ಷರದಲ್ಲಿ ಬರೆದು ಕಳಿಸು. ಅಂಗಡಿಯಲ್ಲಿ ಏನು ಮಾರುತ್ತಾರೆ ಅಂತ ಗೊತ್ತಿಲ್ಲದೆ ಬೋರ್ಡು ಬರೆಯುವವನು ನಾನಲ್ಲ.

ನಿನ್ನ ಬಣ್ಣದ ವಿಷಯ ನನಗೆ ಹೇಳಿಕೊಡಬೇಡ. ಕಾವಿಗೆ ಕಪ್ಪು, ಬೆರಳ ತುದಿಯಷ್ಟು ಹಳದಿ. ನಿಮ್ಮಪ್ಪನದೂ ಅದೇ, ನನ್ನದೂ ಅದೇ. ನಮ್ಮ ಮನೆಯ ಬಣ್ಣ ಡಬ್ಬಿಯಲ್ಲಿ ಸಿಗುವುದಿಲ್ಲ, ಕಲಸಿಯೇ ತೆಗೆಯಬೇಕು.

ಕೈತುಂಬ ಕೆಲಸವಿದೆ. ಮೂರು ಅಂಗಡಿ ಬೋರ್ಡು, ಒಂದು ಶಾಲೆಯ ಗೋಡೆ. ಆದರೂ ನಿನಗೆ ಪುರುಸೊತ್ತು ಮಾಡಿಕೊಳ್ಳುತ್ತೇನೆ.

ಊಟ ಸರಿಯಾಗಿ ಮಾಡು.
ಕೋದಂಡರಾಮಪ್ಪ


ಮಾಲೂರು
23 ಫೆಬ್ರವರಿ 2025

ದೊಡ್ಡಪ್ಪಾ,

ನೀನು ಒಪ್ಪಿದ್ದು ಓದಿ ರೂಮಿನಲ್ಲಿ ಕುಣಿದೆ. ನನ್ನ ಜೊತೆಗಿರುವ ಸುನಂದ "ಏನಾಯ್ತೇ, ಲಾಟ್ರಿ ಹೊಡೀತಾ?" ಅಂದಳು. ಅದಕ್ಕಿಂತ ಹೆಚ್ಚು ಕಣೇ ಅಂದೆ.

ಮೊದಲನೇ ಹಾಡಿನ ಶುರು ಹೀಗೆ:

ಕೊಯ್ದ ಕಾಯಿಗೆ ಪೆಟ್ಟಿಗೆ, ಹುಲ್ಲಿನ ಹಾಸಿಗೆ
ಉದುರಿದ ಕಾಯಿಗೆ ನೆಲ, ಮಣ್ಣು, ಮೂಗೇಟು
ಬಿದ್ದಿದ್ದು ನಿಜ ಕಣೋ, ಕೊಳೆತಿಲ್ಲ ಚೂಡು
ಕಚ್ಚು ರಾ, ಕಚ್ಚು, ಹಲ್ಲು ಜುಂ ಅನ್ಬೇಕು!

ನಡುವೆ 'ಚೂಡು', 'ರಾ' ಅಂತ ತೆಲುಗು ಬಂದಿದೆ ಅಂತ ಬಯ್ಯಬೇಡ. ನಮ್ಮ ಜಗಳಗಳೆಲ್ಲ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತವೆ, ಹಾಡೂ ಹಾಗೇ. ಮಿಕ್ಕ ಐದನ್ನೂ ಇದರ ಜೊತೆ ಇಟ್ಟಿದ್ದೇನೆ.

ಇನ್ನೊಂದು ವಿಷಯ ಹೇಳಬೇಕು. ಈ ಹಿಪ್‌ಹಾಪ್ ಅನ್ನುವುದು ಬರೀ ಹಾಡಲ್ಲ. ಅದು ಹುಟ್ಟಿದ ಊರಿನಲ್ಲಿ ಬಡವರ ಮಕ್ಕಳು ರೈಲಿನ ಮೇಲೆ, ಗೋಡೆಯ ಮೇಲೆ ತಮ್ಮ ಹೆಸರು ಬರೆಯುತ್ತಿದ್ದರಂತೆ. ಉಬ್ಬಿದ ಅಕ್ಷರ, ನೆರಳು ಬಿಟ್ಟ ಅಕ್ಷರ, ಒಂದರ ಬೆನ್ನಿಗೆ ಒಂದು ಒರಗಿದ ಅಕ್ಷರ. ನಾವೂ ಇಲ್ಲಿದ್ದೇವೆ ಅಂತ ತೋರಿಸುವುದಕ್ಕೆ. ಆಮೇಲೆ ಹಾಡಿನ ಕವರುಗಳನ್ನೂ ಅವರೇ ಬರೆದರು. ಹಳೆಯ ಕವರುಗಳನ್ನು ಫೋನಿನಲ್ಲಿ ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ತಮ್ಮ ಬೀದಿ, ತಮ್ಮ ಮೂಲೆ ಅಂಗಡಿ, ಪಕ್ಕದ ಮನೆಯವರು, ಎಲ್ಲರನ್ನೂ ಎಳೆದು ತಂದು ನಿಲ್ಲಿಸಿದ್ದಾರೆ. ಅದನ್ನೆಲ್ಲ ನೋಡಿದಾಗ ನನಗೆ ನೆನಪಾಗಿದ್ದು ನೀನು. ನೀನು ಮಾಡಿದ್ದೂ ಅದನ್ನೇ ಅಲ್ಲವಾ?

ಕಂಪನಿಯಲ್ಲಿ ಎಲ್ಲ ನೋಡಿಕೊಳ್ಳುವವರು ಶಿವಶಂಕರ್ ಸರ್. ಬೇಗ ಬೇಕು ಅನ್ನುತ್ತಿದ್ದಾರೆ.

ಗಂಗೂ


ಯಲ್ದೂರು
23 ಮಾರ್ಚ್ 2025

ಗಂಗೂ,

ಬಸ್ಸಿನ ಕಂಡಕ್ಟರ್ ಮುನಿಶಾಮಿಯ ಕೈಲಿ ಕಳಿಸಿದ್ದೇನೆ. ಎರಡಡಿ ಚದರ ತಗಡು, ಹಳೇ ಸೀರೆಯಲ್ಲಿ ಸುತ್ತಿದೆ. ಬಿಚ್ಚುವಾಗ ಉಗುರು ತಾಗಿಸಬೇಡ. ನಿಲ್ಲಿಸಿ, ಎಂಟು ಹೆಜ್ಜೆ ಹಿಂದಕ್ಕೆ ಹೋಗಿ ನೋಡು. ಹತ್ತಿರದಿಂದ ನೋಡುವವರಿಗೆ ನಾನು ಬರೆಯುವುದಿಲ್ಲ.

ತಳಕ್ಕೆ ರೆಡ್ ಆಕ್ಸೈಡ್ ಎರಡು ಕೋಟು. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದೆ. ನಿನ್ನ ಮುಖಕ್ಕೆ ಹನ್ನೊಂದು ದಿನ ಹಿಡಿಯಿತು. ಹಾಡುಗಳನ್ನು ಎದುರಿಗೆ ಅಂಟಿಸಿಕೊಂಡು ಬರೆದೆ. ನಾಲ್ಕನೇ ಹಾಡಿನಲ್ಲಿ ನಿಮ್ಮಮ್ಮನ ಕೈ ಬಗ್ಗೆ ಬರೆದಿದ್ದೀಯಲ್ಲ, ಮಾವಿನ ಸೊನೆ ತಾಗಿ ಸುಟ್ಟ ಕಲೆಗಳ ಬಗ್ಗೆ, ಅದನ್ನು ಓದಿ ಬುಟ್ಟಿ ಹಿಡಿದ ಕೈಗಳನ್ನು ಅವಳದೇ ಮಾಡಿದೆ. ಹಾಡು ಕೇಳಿಸದಿದ್ದರೇನಂತೆ, ನನಗೆ ಅತ್ತು ಸಾಕಾಯಿತು.

ಎಲ್ಲ ಕ್ರಮವಾಗಿದೆ. ಮೇಲೆ ದೇವರ ಹೆಸರು, ನಡುವೆ 'ಉದುರುಕಾಯಿ' ಹಳದಿಯಲ್ಲಿ ಕೆಂಪು ನೆರಳು ಬಿಟ್ಟು, ಕೆಳಗೆ 'ಪ್ರೊ: ಗಂಗಾಲಕ್ಷ್ಮಿ, ಯಲ್ದೂರು', ಅದರ ಕೆಳಗೆ ನಿನ್ನ ಫೋನ್ ನಂಬರ್. ಬಲಮೂಲೆಯಲ್ಲಿ ನನ್ನ ಸಹಿ.

ತಲುಪಿದ್ದಕ್ಕೆ ಬರಿ.
ಕೋದಂಡರಾಮಪ್ಪ


ಮಾಲೂರು
6 ಏಪ್ರಿಲ್ 2025

ದೊಡ್ಡಪ್ಪನವರಿಗೆ,

ತಗಡು ಜೋಪಾನವಾಗಿ ತಲುಪಿತು. ತುಂಬಾ ಚೆನ್ನಾಗಿ ಬಂದಿದೆ. ಕಂಪನಿಯವರಿಗೂ ತೋರಿಸಿದೆ, ಎಲ್ಲರೂ ಮೆಚ್ಚಿಕೊಂಡರು.

ಒಂದೆರಡು ಸಣ್ಣ ಬದಲಾವಣೆ ಹೇಳಿದ್ದಾರೆ. ಮೇಲಿನ 'ಶ್ರೀ ಕೋದಂಡರಾಮಸ್ವಾಮಿ ಪ್ರಸನ್ನ' ಬೇಡವಂತೆ. ಫೋನ್ ನಂಬರ್ ಯಾರೂ ಹಾಕುವುದಿಲ್ಲವಂತೆ. ಹಾಗೆಯೇ ಆ 'ಪ್ರೊ' ಅನ್ನುವುದನ್ನೂ ತೆಗೆಯಬೇಕಂತೆ. ಅದು ಅಂಗಡಿ ಬೋರ್ಡಿಗೆ ಸರಿ, ಆಲ್ಬಮ್ಮಿಗೆ ಹಾಕುವ ರೂಢಿ ಇಲ್ಲ.

ನಿಮಗೆ ಬಿಡುವಾದಾಗ ನೋಡಿ. ಅವಸರವಿಲ್ಲ. ನೀವು ಬೇಜಾರು ಮಾಡಿಕೊಳ್ಳಬಾರದು.

ಗಂಗಾಲಕ್ಷ್ಮಿ


ಯಲ್ದೂರು
13 ಏಪ್ರಿಲ್ 2025

ಗಂಗಾಲಕ್ಷ್ಮಿ,

ದೇವರ ಹೆಸರು ತೆಗಿ ಅಂದರೆ ತೆಗೆಯುತ್ತೇನೆ, ಅವನು ಬೇಜಾರು ಮಾಡಿಕೊಳ್ಳುವವನಲ್ಲ. ನಂಬರೂ ಕೆರೆಯುತ್ತೇನೆ. ಕಂಡಕಂಡವರೆಲ್ಲ ಫೋನು ಮಾಡಿದರೆ ನಿನಗೇ ಕಷ್ಟ, ಅದು ನನ್ನ ತಲೆಗೆ ಹೊಳೆಯಬೇಕಿತ್ತು.

ಆದರೆ 'ಪ್ರೊ' ತೆಗೆಯುವುದಿಲ್ಲ.

ನಲವತ್ತಾರು ವರ್ಷ ಬೋರ್ಡು ಬರೆದಿದ್ದೇನೆ. ಸೈಕಲ್ ಶಾಪು, ಮಟನ್ ಅಂಗಡಿ, ಬೀಜದ ಅಂಗಡಿ. ಪ್ರೊಪ್ರೈಟರ್, ಅಂದರೆ ಮಾಲೀಕನ, ಹೆಸರಿಲ್ಲದ ಬೋರ್ಡು ನನ್ನ ಕೈಯಿಂದ ಒಂದೂ ಇಳಿದಿಲ್ಲ. ತೂಕದಲ್ಲಿ ಮೋಸವಾದರೆ ಗಿರಾಕಿ ಯಾರ ಕೊರಳಪಟ್ಟಿ ಹಿಡಿಯಬೇಕು? ಸರಕು ಚೆನ್ನಾಗಿದ್ದರೆ ಯಾರಿಗೆ ಕೈ ಮುಗಿಯಬೇಕು? ಅದಕ್ಕೆ ಆ ಹೆಸರು. ಹಾಡು ನೀನು ಕಟ್ಟಿದ್ದು, ಬಾಯಿ ನಿನ್ನದು, ಮುಖ ನಿನ್ನದು. ಹಾಗಿದ್ದಮೇಲೆ ನಿನ್ನ ಹೆಸರು ಆ ಜಾಗದಲ್ಲಿ ಯಾಕಿರಬಾರದು? ತೆಗೆದರೆ ಅಲ್ಲಿ ಯಾರ ಹೆಸರು ಬರುತ್ತದೆ? ನಿನ್ನ ಶಿವಶಂಕರನನ್ನು ಕೇಳಿ ನನಗೆ ಬರಿ.

ಇನ್ನೊಂದು. ಹುಟ್ಟಿದಾಗಿನಿಂದ ನೀನು ನನ್ನನ್ನು 'ನೀನು' ಅಂದವಳು. ಈ ಕಾಗದದಲ್ಲಿ ಇದ್ದಕ್ಕಿದ್ದ ಹಾಗೆ 'ನೀವು' 'ನಿಮಗೆ'. ಏನಮ್ಮಾ ಸಮಾಚಾರ?

ಕೋದಂಡರಾಮಪ್ಪ


ಮಾಲೂರು
4 ಮೇ 2025

ದೊಡ್ಡಪ್ಪನವರಿಗೆ,

ಕೆಲಸ ಜಾಸ್ತಿ, ಓವರ್‌ಟೈಮ್. ಅದಕ್ಕೆ ಬರೆಯಲಾಗಲಿಲ್ಲ. ಕವರ್ ಕೆಲಸ ನಡೆಯುತ್ತಿದೆ. ತಗಡಿನ ಸೈಜು ಹೊಂದುವುದಿಲ್ಲವಂತೆ, ಕಂಪ್ಯೂಟರಿನಲ್ಲಿ ಸ್ವಲ್ಪ ಸರಿ ಮಾಡುತ್ತಾರಂತೆ. ನೀವು ಮತ್ತೆ ಏನೂ ಮಾಡುವುದು ಬೇಡ.

ಅಮ್ಮನಿಗೆ ಮಂಡಿ ಕೆಲಸ ಶುರುವಾಗಿರಬೇಕು. ಬಿಸಿಲಿನಲ್ಲಿ ಹುಷಾರಾಗಿರಲು ಹೇಳಿ.

ಗಂಗಾಲಕ್ಷ್ಮಿ


ಯಲ್ದೂರು
11 ಮೇ 2025

ಗಂಗೂ,

ನನಗೆ ಅರ್ಥವಾಯಿತು. ಚಿತ್ರ ಚೆನ್ನಾಗಿಲ್ಲ. ಮುಖದ ಮೇಲೆ ಹೇಳಲಾರದೆ ಸೈಜು, ಕಂಪ್ಯೂಟರು ಅಂತ ಸುತ್ತಿ ಬಳಸಿ ಬರೆದಿದ್ದೀಯ. ಒಳ್ಳೇ ಹುಡುಗಿ, ಮುದುಕನ ಮನಸ್ಸು ನೋಯಿಸಬಾರದು ಅಂತ.

ನಾನೂ ನಿನಗೆ ಒಂದು ಸುಳ್ಳು ಹೇಳಿದ್ದೆ. ಮೂರು ಬೋರ್ಡೂ ಇರಲಿಲ್ಲ, ಶಾಲೆ ಗೋಡೆಯೂ ಇರಲಿಲ್ಲ. ಕುಂಚ ಕೆಳಗಿಟ್ಟು ಆರು ವರ್ಷವಾಗಿತ್ತು ಕಣೇ. ವೆಂಕಟ್ ಶ್ರೀನಿವಾಸಪುರದಲ್ಲಿ ಫ್ಲೆಕ್ಸ್ ಮಿಷನ್ನು ಹಾಕಿದ ಮೇಲೆ ನನ್ನ ಹತ್ತಿರ ಯಾರೂ ಬರಲಿಲ್ಲ. ಒಂದು ಗಂಟೆಯಲ್ಲಿ ಸಿಗುವುದಕ್ಕೆ ಹತ್ತು ದಿನ ಯಾರು ಕಾಯುತ್ತಾರೆ? ಅವನ ತಪ್ಪೂ ಇಲ್ಲ. ದಿನಾ ಅವನ ಅಂಗಡಿಗೆ ಹೋಗಿ ಫ್ಲೆಕ್ಸಿನ ಮೂಲೆಗಳಿಗೆ ಹಗ್ಗ ಕಟ್ಟುವ ರಿಂಗು ಹೊಡೆಯುತ್ತೇನೆ. ಹುಟ್ಟುಹಬ್ಬದ ಶುಭಾಶಯ, ಕಣ್ಣೀರಿನ ಶ್ರದ್ಧಾಂಜಲಿ, ಎರಡಕ್ಕೂ ನಾಲ್ಕೇ ರಿಂಗು.

ಕೈ ನಡುಗುತ್ತದೆ. ನಿನ್ನ ಮೂಗು ಎಡಕ್ಕೆ ಸರಿದಿದೆ ಅಂತ ಕಳಿಸುವಾಗಲೇ ಗೊತ್ತಿತ್ತು. ತಗಡು ವಾಪಸ್ ಕಳಿಸು, ಇನ್ನೊಂದು ಸಲ ಬರೆಯುತ್ತೇನೆ. ಈ ಸಲ ಮುಂಗೈ ಕೆಳಗೆ ಕೋಲು ಕೊಟ್ಟುಕೊಂಡು ನಿಧಾನವಾಗಿ ಬರೆಯುತ್ತೇನೆ.

ಉತ್ತರ ಬರಿ ತಾಯಿ.
ದೊಡ್ಡಪ್ಪ


ಶ್ರೀನಿವಾಸಪುರ
2 ಜೂನ್ 2025, ಸೋಮವಾರ

ಗಂಗಾಲಕ್ಷ್ಮಿ,

ಮೂರು ವಾರ ನಿನ್ನ ಉತ್ತರ ಇಲ್ಲ. ಶುಕ್ರವಾರ ಉತ್ತರ ಮಿಷನ್ನಿನಿಂದ ಇಳಿಯಿತು.

ಕೋಲಾರದ ಪ್ರೋಗ್ರಾಮಿನವರು ಯಾರೋ ವೆಂಕಟ್‌ಗೆ ಆರ್ಡರ್ ಕೊಟ್ಟಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ಊರಿಗೆ ನಾಲ್ಕು ಫ್ಲೆಕ್ಸು, ಹತ್ತಡಿಗೆ ಹತ್ತಡಿ. ಜೂನ್ ಹದಿನೈದಕ್ಕೆ 'ಗಂಗಾ ಕ್ವೀನ್ ಲೈವ್' ಅಂತ. ಹಾಲಿನ ಬಣ್ಣದ ಹುಡುಗಿ. ಕತ್ತಿನಲ್ಲಿ ದನ ಕಟ್ಟುವ ಸರಪಳಿಯಷ್ಟು ದಪ್ಪ ಚಿನ್ನ. ಹಿಂದೆ ಯಾವುದೋ ಪರದೇಶದ ಇಟ್ಟಿಗೆ ಗೋಡೆ. ನಾನು ಮೂರಕ್ಕೆ ರಿಂಗು ಹೊಡೆದು ಮುಗಿಸಿದ್ದೆ. ನಾಲ್ಕನೆಯದನ್ನು ಮಡಿಸುವಾಗ ಕಿವಿ ಕಂಡಿತು. ಮುಖವೆಲ್ಲ ಬದಲಾಯಿಸಿದವರು ಕಿವಿ ಮುಟ್ಟಿಲ್ಲ. ನನ್ನ ತಮ್ಮನ ಕಿವಿ ಅದು, ನೂರು ಜನರಲ್ಲಿ ಗುರುತು ಹಿಡಿಯುತ್ತೇನೆ.

ವೆಂಕಟ್‌ಗೆ ತೋರಿಸಿದರೆ "ಅಯ್ಯೋ ದೇವುಡಾ, ನಮ್ ಗಂಗೀನಾ? ಗೊತ್ತೇ ಆಗ್ಲಿಲ್ವಲ್ಲೋ ನಾಯ್ನಾ" ಅಂತ ಬಾಯಿ ಬಿಟ್ಟ. ಶನಿವಾರ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ. ಭಾನುವಾರ ನಿಮ್ಮಮ್ಮ ಮಂಡಿಯಿಂದ ಬರುವಾಗ ಅದರ ನೆರಳಿನಲ್ಲೇ ನಿಂತು ನೀರು ಕುಡಿದಳು. ನಾನು ಮೇಲೆ ಕೈ ತೋರಿಸಿ, ಯಾರು ಗೊತ್ತಾ ಅಂತ ಕೇಳಿದೆ. ತಲೆ ಎತ್ತಿ ಚೆನ್ನಾಗಿ ನೋಡಿದಳು. ಯಾರೋ ಸಿನಿಮಾದವಳು ಅಂತ ಸನ್ನೆ ಮಾಡಿ, ಸೆರಗು ಕೊಡವಿಕೊಂಡು ಬಸ್ಸು ಹತ್ತಿದಳು. ಹೆತ್ತ ತಾಯಿ ಗಂಗೂ, ಹೆತ್ತ ತಾಯಿ.

ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಏಣಿ ಹಾಕಿದೆ. ಫ್ಲೆಕ್ಸ್ ಮೇಲೆ ಎನಾಮಲ್ ನಿಲ್ಲುವುದಿಲ್ಲ ಅನ್ನುತ್ತಾರೆ. ಮೊದಲು ಉಪ್ಪುಕಾಗದ ಹಾಕಿ ಹಾಲು ಬಣ್ಣವನ್ನು ಉಜ್ಜಿ ತೆಗೆದೆ, ಆಮೇಲೆ ನಿಂತಿತು. ಹಣೆಯಿಂದ ಗಲ್ಲದವರೆಗೆ ನಮ್ಮ ಮನೆಯ ಬಣ್ಣ ಹಾಕಿದೆ. 'ಕ್ವೀನ್' ಅನ್ನು ಹೊಡೆದು ಹಾಕಿ 'ಗಂಗಾಲಕ್ಷ್ಮಿ, ಯಲ್ದೂರು' ಅಂತ ಬರೆದೆ. ಕೆಳಗೆ ನೂರು ಜನ ಸೇರಿದ್ದರು. ಏನೇನೋ ಕೂಗಿದರಂತೆ, ನನಗೇನು ಕೇಳಿಸುತ್ತದೆಯೇ? ಕೈಯೂ ನಡುಗಲಿಲ್ಲ. ಸಹಿ ಹಾಕಿ ಇಳಿದೆ. ಠಾಣೆಯಿಂದ ಒಬ್ಬರು ಬಂದು ಯಾರು ಮಾಡಿದ್ದು ಅಂತ ಕೇಳಿದರು. ಮೇಲೆ ಸಹಿ ತೋರಿಸಿದೆ. ಬರೆದುಕೊಂಡು ಹೋದರು.

ಕೋದಂಡರಾಮಪ್ಪ


ಮಾಲೂರು
4 ಜೂನ್ 2025

ದೊಡ್ಡಪ್ಪ,

ಹಾಗೆ ಮಾಡು ಅಂತ ನಿನಗೆ ಯಾರು ಹೇಳಿದ್ದು?

ನೀನು ಫ್ಲೆಕ್ಸಿಗೆ ಬಣ್ಣ ಬಳಿಯುವ ವಿಡಿಯೋ ನಿನ್ನೆಯಿಂದ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ಲೈನಿನಲ್ಲಿ ಕೆಲಸ ಮಾಡುವ ಹುಡುಗಿಯರು ತೋರಿಸಿ ತೋರಿಸಿ ನಗುತ್ತಿದ್ದಾರೆ. ಶಿವಶಂಕರ್ ಸರ್ ಫ್ಯಾಕ್ಟರಿ ಗೇಟಿಗೇ ಫೋನು ಮಾಡಿ ಕರೆಸಿದರು. "ನಿಮ್ಮ ಮನೆಯವರು ನಮ್ಮ ಬ್ರ್ಯಾಂಡ್ ಹಾಳು ಮಾಡಿದ್ದಾರೆ. ಭಾನುವಾರದೊಳಗೆ ನೀವೇ ವಿಡಿಯೋ ಮಾಡಿ, ಯಾರೋ ಕಿಡಿಗೇಡಿ ಮಾಡಿದ್ದು, ನನಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳಿ. ಇಲ್ಲದಿದ್ದರೆ ಪ್ರೋಗ್ರಾಮೂ ಇಲ್ಲ, ಆಲ್ಬಮ್ಮೂ ಇಲ್ಲ" ಅಂದರು. ರೆಕಾರ್ಡ್ ಮಾಡಿದ ಆರೂ ಹಾಡು ಅವರ ಹತ್ತಿರವೇ ಉಳಿಯುತ್ತವೆ.

ಹೌದು, ಸುಳ್ಳು ಹೇಳಿದೆ. ನಿನ್ನ ತಗಡು ತೋರಿಸಿದ ದಿನ ಆಫೀಸಿನಲ್ಲಿ ಏಳು ಜನ ಇದ್ದರು. 'ಪ್ರೊ' ನೋಡಿ ಒಬ್ಬ "ಇದೇನ್ ಮೇಡಂ, ಕಿರಾಣಿ ಅಂಗಡಿನಾ? ಉಪ್ಪಿನಕಾಯಿ ಕೆ.ಜಿ. ಎಷ್ಟು?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ದೊಡ್ಡಪ್ಪ. ಅವರಿಗಿಂತ ಜೋರಾಗಿ ನಕ್ಕೆ. ಏಪ್ರಿಲ್ ಹತ್ತೊಂಬತ್ತಕ್ಕೆ ಅವರ ಅಗ್ರಿಮೆಂಟ್ ಕಾಗದಕ್ಕೆ ಸೈನ್ ಹಾಕಿದೆ. ಕವರ್ ಅವರಿಷ್ಟ, ಹೆಸರು ಅವರಿಷ್ಟ. 'ಪ್ರೊ' ಜಾಗದಲ್ಲಿ ಯಾರ ಹೆಸರು ಬರುತ್ತದೆ ಅಂತ ನೀನು ಹೇಳಿದ ಪ್ರಶ್ನೆ ಕೇಳಲೇ ಇಲ್ಲ, ಉತ್ತರ ಆ ಕಾಗದದಲ್ಲೇ ಇತ್ತು. ಒಂದು ಸಲ ಹಾಡು ಹೊರಗೆ ಬರಲಿ, ಮುಖದ ವಿಷಯ ಆಮೇಲೆ ನೋಡೋಣ ಅಂದುಕೊಂಡೆ. ನಿನ್ನ ಮೂಗಿನ ಕಾಗದ ಬಂದಾಗ ಉತ್ತರ ಬರೆಯಲು ಕೂತು ಮೂರು ಸಲ ಹರಿದೆ. ಮೂಗು ನೆಟ್ಟಗೇ ಇದೆ. ನೀನು ಬರೆದದ್ದರಲ್ಲಿ ತಪ್ಪಾದ ಗೆರೆ ಒಂದೂ ಇಲ್ಲ.

ಅಮ್ಮನ ವಿಷಯ ಓದಿದ ಮೇಲೆ ಅನ್ನ ಇಳಿಯುತ್ತಿಲ್ಲ. ಆದರೂ ಕೇಳುತ್ತೇನೆ. ಅವರು ನನ್ನನ್ನು ಕೇಳದೆ ನನ್ನ ಮುಖಕ್ಕೆ ಹಾಲು ಸುರಿದರು. ನೀನು ನನ್ನನ್ನು ಕೇಳದೆ ಅದರ ಮೇಲೆ ಬಣ್ಣ ಬಳಿದೆ. ಇಬ್ಬರಿಗೂ ನನ್ನ ಮುಖ ಬರೀ ಗೋಡೆಯೇನು? ಒಂದು ಕಾಗದ ಹಾಕಿ, ಗಂಗೂ, ಹೀಗೆ ಮಾಡಲಾ ಅಂತ ಕೇಳುವುದಕ್ಕೆ ನಿನಗೇನಾಗಿತ್ತು?

ಗಂಗಾಲಕ್ಷ್ಮಿ


ಶ್ರೀನಿವಾಸಪುರ
6 ಜೂನ್ 2025

ಗಂಗೂ,

ಮುನಿಶಾಮಿಯನ್ನು ಬಸ್ಸಿನ ಬಾಗಿಲಲ್ಲೇ ನಿಲ್ಲಿಸಿ ಬರೆಯುತ್ತಿದ್ದೇನೆ. ಭಾನುವಾರದ ಒಳಗೆ ನಿನಗೆ ಇದು ಸಿಗಬೇಕು.

ನೀನು ಕೇಳಿದ್ದು ಸರಿ. ನಾನು ಮಾಡಿದ್ದು ತಪ್ಪು. ಪ್ರೊಪ್ರೈಟರ್ ನೀನು ಅಂತ ಉಪದೇಶ ಬರೆದವನು ನಾನೇ, ಪ್ರೊಪ್ರೈಟರನ್ನು ಕೇಳದೆ ಬೋರ್ಡು ಬದಲಾಯಿಸಿದವನೂ ನಾನೇ. ನಲವತ್ತಾರು ವರ್ಷದಲ್ಲಿ ಗಿರಾಕಿ ಒಪ್ಪದೆ ಒಂದಕ್ಷರ ಬರೆದಿರಲಿಲ್ಲ. ನಮ್ಮ ಹುಡುಗಿ ಅಂತ ಸಲಿಗೆ ತೆಗೆದುಕೊಂಡೆ. ನಮ್ಮವರಿಗೇ ನಾವು ಹೀಗೆ ಮಾಡುವುದು.

ಅವರು ಕೇಳಿದ ವಿಡಿಯೋ ಮಾಡು. ಯಾರೋ ತಲೆಕೆಟ್ಟ ಮುದುಕ ಅನ್ನು, ಗುರುತೇ ಇಲ್ಲ ಅನ್ನು. ನನ್ನ ಕಿವಿಗೆ ಹೇಗೂ ಬೀಳುವುದಿಲ್ಲ. ನಾನೇ ಮಾಡಿದ್ದು, ಹುಡುಗಿಗೆ ಗೊತ್ತಿರಲಿಲ್ಲ ಅಂತ ಸಹಿ ಹಾಕಿ ಒಂದು ಕಾಗದ ಇದರ ಜೊತೆ ಇಟ್ಟಿದ್ದೇನೆ, ಶಿವಶಂಕರನಿಗೆ ಕೊಡು. ನಿನ್ನ ಆರು ಹಾಡು ಕಳೆಯುವುದಕ್ಕೆ ನಾನು ಕಾರಣನಾಗಬಾರದು.

ಆದರೆ ಅವರು ಬಂದು ಮತ್ತೆ ಬಿಳಿ ಮಾಡು ಅಂದರೆ ಮಾಡುವುದಿಲ್ಲ. ನೀನು ಹೇಳಿದರೂ ಮಾಡುವುದಿಲ್ಲ. ಅದೊಂದನ್ನು ನನ್ನಿಂದ ಮಾಡಿಸಬೇಡ.

ದೊಡ್ಡಪ್ಪ


ಮಾಲೂರು
9 ಜೂನ್ 2025, ಸೋಮವಾರ

ದೊಡ್ಡಪ್ಪಾ,

ನಿನ್ನ ಕಾಗದ ಶನಿವಾರ ಸಂಜೆ ಸಿಕ್ಕಿತು. ಭಾನುವಾರ ಬೆಳಿಗ್ಗೆ ಬೆಂಗಳೂರಿಗೆ ಹೋದೆ. ನೀನು ಸಹಿ ಹಾಕಿದ ಕಾಗದ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ.

ಶಿವಶಂಕರ್ ಸರ್ ಕ್ಯಾಮೆರಾ, ಲೈಟು ಎಲ್ಲ ಸಿದ್ಧ ಮಾಡಿಟ್ಟಿದ್ದರು. ನಾನು ಏನು ಹೇಳಬೇಕು ಅಂತ ಅವರೇ ಬರೆದು ಕೊಟ್ಟರು. ಮೊದಲ ಸಾಲು, 'ಕಿಡಿಗೇಡಿಗಳ ಈ ಕೃತ್ಯದಿಂದ ನನಗೆ ನೋವಾಗಿದೆ'. ನಾನು ಓದಿ ಕೆಳಗಿಟ್ಟೆ. "ಸರ್, ಕಿಡಿಗೇಡಿ ನಮ್ಮ ದೊಡ್ಡಪ್ಪ. ನನಗೆ ನೋವಾಗಿರೋದು ಹೌದು, ಆದ್ರೆ ಅದು ನಂದೂ ಅವ್ರದೂ ಜಗಳ, ಮನೇಲಿ ಮುಗಿಸ್ಕೋತೀವಿ. ನಿಮ್ ಜೊತೆ ಇರೋ ಜಗಳಾನೇ ಬೇರೆ" ಅಂದೆ. ಅವರು ಜೋರು ಮಾಡಲಿಲ್ಲ, ತಂಪಾಗಿ ಹೇಳಿದರು, "ಯೋಚ್ನೆ ಮಾಡಿ ಗಂಗಾ. ಈ ಬಾಗಿಲು ಮತ್ತೆ ತೆಗೆಯಲ್ಲ. ಹಾಡುಗಳು ನಮ್ಮ ಹತ್ರಾನೇ ಇರುತ್ವೆ." ಹತ್ತು ತಿಂಗಳ ದುಡಿಮೆ ಆ ಆಫೀಸಿನೊಳಗಿತ್ತು. "ಇಟ್ಕೊಳ್ಳಿ ಸರ್. ನಿಮ್ ಹತ್ರ ಇರೋದು ರೆಕಾರ್ಡಿಂಗು. ನಾಲಿಗೆ ನನ್ ಹತ್ರ ಇದೆ" ಅಂತ ಹೇಳಿ ಬಂದೆ. ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ಅತ್ತೆ. ಆಮೇಲೆ ಹಸಿವಾಯಿತು.

ಮಾಲೂರಿನಲ್ಲಿ ಇಳಿದವಳು ರೂಮಿಗೆ ಹೋಗಲಿಲ್ಲ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಅವರು ಕಟ್ಟಿದ ಫ್ಲೆಕ್ಸು ಹಾಗೇ ಹಲ್ಲು ಬಿಡುತ್ತಾ ನಿಂತಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾವಿ, ಕಪ್ಪು, ಹಳದಿ, ಉಪ್ಪುಕಾಗದ ತಗೊಂಡೆ. ಸುನಂದ ಓನರ್ ಮನೆಯಿಂದ ಏಣಿ ಹೊತ್ತು ತಂದಳು. ವಿಡಿಯೋ ನೋಡಿ ನಕ್ಕಿದ್ದ ಲೈನಿನ ಹುಡುಗಿಯರಲ್ಲಿ ನಾಲ್ಕು ಜನ ಬಂದರು. "ಬಿದ್ರೆ ಹಿಡ್ಕೊಳ್ಳಕ್ ಬಂದ್ವಿ ಕಣೇ, ಬೇರೇನಿಲ್ಲ" ಅಂತ ಹಲ್ಲು ಕಿರಿದರು.

ಅಕ್ಷರ ಬರೆಯಲು ನನಗೆ ಬರುವುದಿಲ್ಲ, ಮುಖವಂತೂ ಬರುವುದೇ ಇಲ್ಲ. ಮೂರು ಸಲ ಬಣ್ಣ ಕಲಸಿ ಕೈಯ ಮೇಲೆ ಹಚ್ಚಿ ನೋಡಿದೆ. ಹಚ್ಚಿದ ಜಾಗ ಎಲ್ಲಿ ಅಂತ ನನಗೇ ಗೊತ್ತಾಗದಿದ್ದಾಗ ಏಣಿ ಹತ್ತಿದೆ. ಒಂದು ಕಣ್ಣು ದೊಡ್ಡದಾಗಿದೆ. ಕೆನ್ನೆಯಲ್ಲಿ ಬಣ್ಣ ಸೋರಿ ಕತ್ತಿನವರೆಗೆ ಇಳಿದಿದೆ. ಅಂಚಿನಲ್ಲಿ ಅವರ ಹಾಲು ಬಣ್ಣ ಅಲ್ಲಲ್ಲಿ ಇಣುಕುತ್ತದೆ, ಅದನ್ನು ಬೇಕೆಂದೇ ಬಿಟ್ಟೆ. ಯಾರು ಏನು ಮಾಡಲು ಹೊರಟಿದ್ದರು ಅಂತ ನೋಡಿದವರಿಗೆ ತಿಳಿಯಬೇಕು. ಕೆಳಗಿನಿಂದ ಒಬ್ಬ ಯಜಮಾನರು "ಯಾರಮ್ಮಾ ಅದು?" ಅಂದರು. "ನಾನೇ" ಅಂದೆ. ಅವರು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, "ಹೂಂ, ಹೋಲ್ತದೆ" ಅಂತ ಹೇಳಿ ಸೊಪ್ಪಿನ ಚೀಲ ಎತ್ತಿಕೊಂಡು ಹೋದರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಅಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ನಾನು ಏಣಿಯ ಮೇಲಿದ್ದಾಗ ಸುನಂದ ಫೋಟೋ ತೆಗೆದಳು. ಸೋರಿದ ಆ ಮುಖ, ಅದರ ಪಕ್ಕದಲ್ಲಿ ಬಣ್ಣ ಮೆತ್ತಿಕೊಂಡ ನಾನು, ಕೆಳಗೆ ಏಣಿ ಹಿಡಿದ ನಾಲ್ಕು ಜನ, ಹಿಂದೆ ನಿಜವಾದ ಮಾಲೂರು. ಕವರ್ ಅದೇ. ಹಾಡುಗಳನ್ನು ಮೊದಲಿನಿಂದ ಹಾಡುತ್ತೇನೆ, ಫೋನಿನಲ್ಲೇ ಆದರೂ ಸರಿ, ಫ್ಯಾಕ್ಟರಿ ಸೈರನ್ ನಡುವೆ ಬಂದರೂ ಸರಿ. ಬೇಜಾರು ಮಾಡಿಕೊಳ್ಳಬೇಡ ದೊಡ್ಡಪ್ಪ, ನಿನ್ನ ಚಿತ್ರ ಇದಕ್ಕಿಂತ ನೂರು ಪಾಲು ಚೆಂದ. ಆದರೆ ಈ ಕವರಿನ ಮುಖ ನನ್ನ ಕೈಯಿಂದಲೇ ಆಗಬೇಕು.

ನಿನ್ನ ಮೇಲಿನ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವವರೆಗೆ ಕಾಯಲು ಪುರುಸೊತ್ತಿಲ್ಲ, ಮುಳಬಾಗಿಲು ಮತ್ತು ಕೋಲಾರ ಬಾಕಿ ಇವೆ. ಬರುವ ಭಾನುವಾರ ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಬಾ. ಬಣ್ಣ ನಾನು ತರುತ್ತೇನೆ, ಕುಂಚವನ್ನೂ ನಾನೇ ಹಿಡಿಯುತ್ತೇನೆ. ಮೂಗು ಸೊಟ್ಟ ಬಂದರೆ ಬಾಯಿ ಮುಚ್ಚಿಕೊಂಡು ನಿಂತಿರಬೇಕು. ನೀನು ಏಣಿ ಹಿಡಿದರೆ ಸಾಕು.

ಬೆಳಿಗ್ಗೆ ಹತ್ತು ಗಂಟೆಗೆ ಬಾ, ಜನವೆಲ್ಲ ಓಡಾಡುವ ಹೊತ್ತಿಗೆ.

ಗಂಗಾಲಕ್ಷ್ಮಿ